ಮಿದುಳಿನ ಸಂಪರ್ಕ ನಕ್ಷೆ ಯಾಕೋ ಸರಿಯಿಲ್ಲ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಎಂಆರ್‌ಐ ಚಿತ್ರಗಳಿಂದ ಮಿದುಳಿನ ಸಂಪರ್ಕ ನಕ್ಷೆ ತಯಾರಿಸುವ ಪೈಪ್‌ಲೈನ್ ರಾತ್ರಿಯಿಡೀ ಓಡಿ ಮುಗಿದಿದೆ. ಪರದೆಯ ಮೇಲೆ ಒಂದೂ ಎರರ್ ಇಲ್ಲ. ಮಿದುಳಿನ ಯಾವ ಭಾಗ ಯಾವುದಕ್ಕೆ ಎಷ್ಟು ಬೆಸೆದಿದೆ ಎಂದು ಹೇಳುವ 84 ಸಾಲು, 84 ಕಾಲಂಗಳ ಸಂಪರ್ಕ ಮ್ಯಾಟ್ರಿಕ್ಸ್ ಕೈಗೆ ಬಂದಿದೆ. ಇಷ್ಟಾದರೂ ಅದು ಪೂರ್ತಿ ತಪ್ಪಾಗಿರಬಹುದು. ಕನೆಕ್ಟೋಮ್ (ಮಿದುಳಿನ ಸಂಪರ್ಕ ನಕ್ಷೆ) ಕೆಲಸದ ದೊಡ್ಡ ತಲೆನೋವೇ ಇದು: ಮೋಟಾರು ಕೆಟ್ಟರೆ ನಿಲ್ಲುತ್ತದೆ, ಟ್ರ್ಯಾಕ್ಟೋಗ್ರಫಿ (ನರತಂತುಗಳ ದಾರಿಯನ್ನು ಗೆರೆಗಳಾಗಿ ಎಳೆಯುವ ಲೆಕ್ಕ) ಕೆಟ್ಟರೆ ನಿಲ್ಲುವುದಿಲ್ಲ. ದಿಕ್ಕು ತಲೆಕೆಳಗಾದ ಡೇಟಾ ಕೊಟ್ಟರೂ ಒಂದು ಕೋಟಿ ಗೆರೆ ಎಳೆದು ಮುಂದಿಡುತ್ತದೆ.

ಹಾಗಾಗಿ ಗ್ರಾಫ್ ಅಳತೆಗಳು, ಪಿ-ಮೌಲ್ಯ ಎಲ್ಲ ಆಮೇಲೆ. ಮೊದಲು ಚಿತ್ರ ತೆರೆದು ಕಣ್ಣಾರೆ ನೋಡಬೇಕು. ಅದಕ್ಕೆ ಎಂಆರ್‌ವ್ಯೂ ಅಥವಾ ಎಫ್‌ಎಸ್‌ಎಲ್‌ಐಸ್‌ನಂಥ ಒಂದು ವೀಕ್ಷಕ ಮತ್ತು ಒಂದು ಟೆಕ್ಸ್ಟ್ ಎಡಿಟರ್ ಸಾಕು. ಮೂಲ ಡೇಟಾ ಇರುವ ಫೋಲ್ಡರನ್ನು ಓದಲಷ್ಟೇ ಬರುವಂತೆ ಬೀಗ ಹಾಕಿಡಿ. ರಿಪೇರಿ ಏನಿದ್ದರೂ ನಕಲಿನ ಮೇಲೆ.

ಫೈಲ್ ಕಾಣುತ್ತದೆ, ತೆರೆಯುವುದಿಲ್ಲ. ತೆರೆದರೆ ಎಣಿಕೆ ತಾಳೆಯಾಗುವುದಿಲ್ಲ

ಓಪನ್‌ನ್ಯೂರೋದಂಥ ಮುಕ್ತ ಭಂಡಾರದಿಂದ ಡೇಟಾಲ್ಯಾಡ್ ಎಂಬ ಡೌನ್‌ಲೋಡ್ ಸಾಧನದ ಮೂಲಕ ತಂದ ಡೇಟಾದಲ್ಲಿ ಇದು ಮಾಮೂಲು. ಹೆಸರುಗಳೆಲ್ಲ ಇವೆ, ಆದರೆ ಇಡೀ ಡೇಟಾಸೆಟ್ ಕೆಲವೇ ಎಂಬಿ ಇದೆ. ಬಂದಿರುವುದು ಕೊಂಡಿಗಳು ಮಾತ್ರ, ಸರಕು ಇನ್ನೂ ಸರ್ವರ್‌ನಲ್ಲೇ ಇದೆ. ಬೇಕಾದ ಫೋಲ್ಡರಿನ ಮೇಲೆ 'ಡೇಟಾಲ್ಯಾಡ್ ಗೆಟ್' ಓಡಿಸಿದರೆ ಇಳಿಯುತ್ತದೆ.

ಇಳಿದ ಮೇಲೆ ಬಿಡ್ಸ್ ವ್ಯಾಲಿಡೇಟರ್ ಓಡಿಸಿ. ಮಿದುಳಿನ ಚಿತ್ರಗಳನ್ನು ಜೋಡಿಸಿಡುವ ಬಿಡ್ಸ್ ಮಾನದಂಡಕ್ಕೆ ಡೇಟಾ ಹೊಂದುತ್ತದೆಯೇ ಎಂದು ನೋಡುವ ಪ್ರೋಗ್ರಾಂ ಅದು. ಆದರೆ ಅದು ಪಾಸ್ ಅಂದಿತೆಂದು ನೆಮ್ಮದಿಯಾಗಬೇಡಿ. ಅದು ಮುಖ್ಯವಾಗಿ ನೋಡುವುದು ಹೆಸರು ಮತ್ತು ಜೋಡಣೆಯನ್ನು, ಒಳಗಿನ ಸತ್ಯವನ್ನಲ್ಲ. ಡಿಫ್ಯೂಷನ್ ಚಿತ್ರದಲ್ಲಿ (ನೀರಿನ ಹರಡುವಿಕೆ ಅಳೆಯುವ ಎಂಆರ್‌ಐ) 99 ವಾಲ್ಯೂಮ್, ಅಂದರೆ ಇಡೀ ಮಿದುಳಿನ 99 ಚಿತ್ರ ಇದ್ದರೆ ಬಿವಾಲ್ ಫೈಲಿನಲ್ಲಿ (ಅಳತೆಯ ತೀವ್ರತೆ, ಅಂದರೆ ಬಿ-ಮೌಲ್ಯ) 99 ಸಂಖ್ಯೆ ಇರಬೇಕು, ಬಿವೆಕ್ ಫೈಲಿನ (ಅಳತೆಯ ದಿಕ್ಕು) 3 ಸಾಲುಗಳಲ್ಲಿ ತಲಾ 99 ಇರಬೇಕು. ಚಿತ್ರದಲ್ಲಿ ಒಂದು ವಾಲ್ಯೂಮ್ ಹೆಚ್ಚಿದ್ದರೆ ಕೊನೆಯದನ್ನು ತೆರೆದು ನೋಡಿ. ಕೆಲವು ಸ್ಕ್ಯಾನರ್‌ಗಳು ತಾವೇ ಲೆಕ್ಕ ಹಾಕಿದ ಸರಾಸರಿ ಚಿತ್ರವನ್ನು ಬಾಲಕ್ಕೆ ಸೇರಿಸುತ್ತವೆ, ಅದನ್ನು ತೆಗೆಯಬೇಕು. ಕಡಿಮೆಯಿದ್ದರೆ ಸ್ಕ್ಯಾನ್ ನಡುವೆಯೇ ನಿಂತಿರಬಹುದು. ಆಗ ಬಿವಾಲ್ ಫೈಲಿನ ತುದಿ ಕತ್ತರಿಸಿ ಲೆಕ್ಕ ಸರಿಮಾಡುವ ಆಸೆ ಬೇಡ. ಮೂಲ ಡೈಕಾಮ್‌ಗೆ (ಸ್ಕ್ಯಾನರ್ ಕೊಡುವ ಮೂಲ ಫೈಲು) ಹೋಗಿ ಮತ್ತೆ ಪರಿವರ್ತಿಸಿ.

ತಂತುಗಳು ಅರ್ಧಕ್ಕೇ ನಿಲ್ಲುತ್ತವೆ, ದೂರದ ಸಂಪರ್ಕಗಳೇ ಇಲ್ಲ

ಮೊದಲ ಶಂಕೆ ಗ್ರೇಡಿಯೆಂಟ್ ದಿಕ್ಕುಗಳ ಮೇಲೆ, ಅಂದರೆ ಬಿವೆಕ್ ಫೈಲಿನ ಮೇಲೆ. ಅನುಭವಸ್ಥರೂ ಎಡವುವ ಜಾಗ ಇದು.

ಬಣ್ಣದ ಎಫ್‌ಎ ನಕ್ಷೆಯಲ್ಲಿ (ನೀರು ಒಂದೇ ದಿಕ್ಕಿಗೆ ಎಷ್ಟು ಹರಡುತ್ತದೆ ಎಂದು ತೋರಿಸುವ ನಕ್ಷೆ) ಎಡ-ಬಲ ಕೆಂಪು, ಹಿಂದು-ಮುಂದು ಹಸಿರು, ಮೇಲೆ-ಕೆಳಗೆ ನೀಲಿ. ಎರಡು ಅರ್ಧಗೋಳಗಳನ್ನು ಬೆಸೆಯುವ ತಂತುಕಟ್ಟಾದ ಕಾರ್ಪಸ್ ಕಲೋಸಮ್‌ನ ಮಧ್ಯಭಾಗ ಕೆಂಪಗಿಲ್ಲದೆ ಹಸಿರಾಗಿದ್ದರೆ ಎರಡು ಅಕ್ಷಗಳು ಅದಲುಬದಲಾಗಿವೆ. ಇದು ಸುಲಭದ ಕೇಸು. ಕಷ್ಟದ್ದು ಚಿಹ್ನೆ ತಿರುಗಿದ ಕೇಸು, ಪ್ಲಸ್ ಇರಬೇಕಾದಲ್ಲಿ ಮೈನಸ್. ಬಣ್ಣಕ್ಕೆ ಚಿಹ್ನೆ ಗೊತ್ತಿಲ್ಲ, ಅದು ಗಾತ್ರವನ್ನಷ್ಟೇ ತೋರಿಸುತ್ತದೆ. ಹಾಗಾಗಿ ನಕ್ಷೆ ಅಚ್ಚುಕಟ್ಟಾಗಿ ಕಾಣುತ್ತದೆ, ತಂತುಗಳು ಮಾತ್ರ ದಾರಿ ತಪ್ಪುತ್ತವೆ.

ಆಗ ಬಣ್ಣ ಬಿಟ್ಟು ಕಡ್ಡಿಗಳನ್ನು ನೋಡಿ. ಪ್ರತಿ ವಾಕ್ಸೆಲ್‌ನ (ಚಿತ್ರದ ಪುಟ್ಟ ಘನ) ಮುಖ್ಯ ದಿಕ್ಕನ್ನು ಗೆರೆಯಾಗಿ ತೋರಿಸಲು ವೀಕ್ಷಕಕ್ಕೆ ಹೇಳಿ, ಮುಖದ ಎದುರಿನಿಂದ ಕಾಣುವ ಕರೋನಲ್ ಛೇದಕ್ಕೆ ಬನ್ನಿ. ಎರಡೂ ಅರ್ಧಗೋಳಗಳ ನಟ್ಟನಡುವೆ ನೋಡಿದರೆ ಉಪಯೋಗವಿಲ್ಲ. ಅಲ್ಲಿ ತಂತುಗಳು ನೇರ ಎಡ-ಬಲಕ್ಕೆ ಇರುವುದರಿಂದ ಚಿಹ್ನೆ ತಿರುಗಿದರೂ ಗೆರೆ ಹಾಗೇ ಇರುತ್ತದೆ. ಮಧ್ಯದಿಂದ ಎರಡು ಸೆಂ.ಮೀ. ಪಕ್ಕಕ್ಕೆ ಸರಿಯಿರಿ, ಕಾರ್ಪಸ್ ಕಲೋಸಮ್ ಮೇಲಕ್ಕೆ ಬಾಗುವ ತಿರುವಿಗೆ. ಡೇಟಾ ಸರಿಯಿದ್ದರೆ ಕಡ್ಡಿಗಳು ತಿರುವಿನ ಜೊತೆಗೇ ಒಂದರ ಬಾಲಕ್ಕೆ ಒಂದು ಜೋಡಿಸಿದಂತೆ ಬಾಗುತ್ತವೆ. ತಪ್ಪಿದ್ದರೆ ಮೀನಿನ ಮುಳ್ಳಿನಂತೆ ತಿರುವಿಗೆ ಅಡ್ಡಡ್ಡ ನಿಂತಿರುತ್ತವೆ. ಒಮ್ಮೆ ಈ ಮೀನಮುಳ್ಳು ನೋಡಿದವರಿಗೆ ಮತ್ತೆ ಮರೆಯುವುದಿಲ್ಲ.

ಎಂಆರ್‌ಟ್ರಿಕ್ಸ್3 ಸಾಫ್ಟ್‌ವೇರ್‌ನ 'ಡಿಡಬ್ಲ್ಯೂಐಗ್ರಾಡ್‌ಚೆಕ್' ಎಲ್ಲ ಬಗೆಯ ತಿರುವು, ಅದಲುಬದಲುಗಳನ್ನು ಪ್ರಯೋಗಿಸಿ ಯಾವುದರಲ್ಲಿ ತಂತುಗಳ ಸರಾಸರಿ ಉದ್ದ ಹೆಚ್ಚು ಎಂದು ಪಟ್ಟಿ ಕೊಡುತ್ತದೆ. ಮೊದಲ ಸ್ಥಾನದಲ್ಲಿ ಯಾವ ಬದಲಾವಣೆಯೂ ಇಲ್ಲದ ಸಾಲು ಬಂದರೆ ನಿಮ್ಮ ಫೈಲ್ ಸರಿಯಿದೆ.

ಕಾರಣ ಸಾಮಾನ್ಯವಾಗಿ ಇದು: ಎಫ್‌ಎಸ್‌ಎಲ್ ಸಾಫ್ಟ್‌ವೇರ್‌ನ ರೂಢಿಯ ಬಿವೆಕ್ ಫೈಲ್ ದಿಕ್ಕುಗಳನ್ನು ಬರೆಯುವುದು ಚಿತ್ರದ ಸ್ವಂತ ಅಕ್ಷಗಳ ಲೆಕ್ಕದಲ್ಲಿ. ಯಾರೋ ಚಿತ್ರವನ್ನು ಮಾತ್ರ ತಿರುಗಿಸಿ ಉಳಿಸಿದ್ದಾರೆ, ಬಿವೆಕ್ ಹಳೆಯದೇ ಉಳಿದಿದೆ. ತಲೆಯ ಅಲುಗಾಟ ಸರಿಪಡಿಸಿದ ನಂತರವೂ ಹಾಗೆಯೇ, ಅಲುಗಾಟ ಸರಿಪಡಿಸುವ ಎಡ್ಡಿ ಪ್ರೋಗ್ರಾಂ ಕೊಡುವ ತಿರುಗಿಸಿದ ಬಿವೆಕ್ ಬಳಸಬೇಕೇ ಹೊರತು ಮೂಲದ್ದನ್ನಲ್ಲ. ಒಂದೇ ಸ್ಕ್ಯಾನರಿನ ಎಲ್ಲರಲ್ಲೂ ಒಂದೇ ತಪ್ಪಿದ್ದರೆ ಪರಿವರ್ತನೆಯ ಹಂತದಲ್ಲೇ ಸರಿಪಡಿಸಿ. ಒಬ್ಬೊಬ್ಬರ ಫೈಲನ್ನೂ ಕೈಯಲ್ಲಿ ತಿದ್ದುತ್ತಾ ಕೂತರೆ ಮುಂದೊಂದು ದಿನ ಅದೇ ಹೊಸ ದೋಷವಾಗುತ್ತದೆ.

ಎಫ್‌ಎ ನಕ್ಷೆ ಮಬ್ಬು, ಡಿಫ್ಯೂಷನ್ ಸಂಖ್ಯೆಗಳು ನಂಬುವಂತಿಲ್ಲ

ಪುಕ್ಕಟೆ ಥರ್ಮಾಮೀಟರ್ ಮಿದುಳಿನೊಳಗೇ ಇದೆ. ಪಾರ್ಶ್ವ ಕುಹರದಲ್ಲಿ ತುಂಬಿರುವುದು ಬಹುತೇಕ ನೀರು. ದೇಹದ ಉಷ್ಣತೆಯಲ್ಲಿ ಅದರ ಸರಾಸರಿ ಡಿಫ್ಯೂಸಿವಿಟಿ (ನೀರು ಹರಡುವ ಪ್ರಮಾಣ) ಸೆಕೆಂಡಿಗೆ ಸುಮಾರು 0.003 ಚದರ ಮಿ.ಮೀ. ಆರೋಗ್ಯವಂತ ವಯಸ್ಕರ ಬಿಳಿ ದ್ರವ್ಯದಲ್ಲಿ 0.0007ರ ಆಸುಪಾಸು. ಕುಹರದ ನಡುವೆ ಕರ್ಸರ್ ಇಟ್ಟು ನೋಡಿ. 0.003ರ ಬದಲು ಅದರ ಅರ್ಧವೋ ಎರಡರಷ್ಟೋ ಬಂದರೆ ಬಿ-ಮೌಲ್ಯಗಳು ತಪ್ಪಾಗಿ ದಾಖಲಾಗಿವೆ, ಅಥವಾ ಯಾವುದೋ ಪ್ರೋಗ್ರಾಂ ಗ್ರೇಡಿಯೆಂಟ್‌ನ ಉದ್ದಕ್ಕೆ ತಕ್ಕಂತೆ ಅವನ್ನು ಮತ್ತೊಮ್ಮೆ ಗುಣಿಸಿದೆ.

ಕುಹರ ಸರಿಯಿದ್ದು ಉಳಿದೆಡೆ ಮಬ್ಬಿದ್ದರೆ ಹಂತಗಳ ಕ್ರಮ ನೋಡಿ. ಡಿನಾಯ್ಸ್ (ನಾಯ್ಸ್ ತೆಗೆಯುವುದು) ಎಲ್ಲಕ್ಕಿಂತ ಮೊದಲು, ಆಮೇಲೆ ಅಂಚುಗಳ ಪಕ್ಕ ಮೂಡುವ ಗಿಬ್ಸ್ ಅಲೆ ತೆಗೆಯುವುದು, ನಂತರವೇ ಎಡ್ಡಿ. ಚಿತ್ರವನ್ನು ಒಮ್ಮೆ ಅಲುಗಿಸಿ ಇಂಟರ್‌ಪೊಲೇಟ್ ಮಾಡಿದ ಮೇಲೆ ಪಕ್ಕಪಕ್ಕದ ವಾಕ್ಸೆಲ್‌ಗಳ ನಾಯ್ಸ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಡಿನಾಯ್ಸ್ ಮಾಡುವ ಪ್ರೋಗ್ರಾಂನ ಲೆಕ್ಕವೇ ಕೆಡುತ್ತದೆ. ಡಿನಾಯ್ಸ್‌ಗೆ ಮುಂಚಿನ ಚಿತ್ರದಿಂದ ನಂತರದ್ದನ್ನು ಕಳೆದು ನೋಡಿ. ಉಳಿದದ್ದು ಸಿಗ್ನಲ್ ಇಲ್ಲದ ಟಿವಿಯ ಚುಕ್ಕೆಗಳಂತೆ ಇರಬೇಕು. ಅದರಲ್ಲಿ ಮಿದುಳಿನ ಮಡಿಕೆ, ಅಂಚು ಕಂಡರೆ ನಾಯ್ಸ್ ಜೊತೆಗೆ ಸಿಗ್ನಲ್ಲೂ ಹೋಗಿದೆ. ಸ್ಕ್ಯಾನರೇ ಚಿತ್ರವನ್ನು ಹಿಗ್ಗಿಸಿ ಕೊಟ್ಟಿದ್ದರೂ ಡಿನಾಯ್ಸ್ ಹೀಗೆ ಕೆಡುತ್ತದೆ.

ಹಣೆಯ ಭಾಗ ಹಿಸುಕಿದಂತೆ, ಅಥವಾ ಸರಿಪಡಿಸಿದ ಮೇಲೆ ಇನ್ನೂ ಹೆಚ್ಚು ಹಿಸುಕಿದಂತೆ

ಗಾಳಿ ತುಂಬಿದ ಸೈನಸ್‌ಗಳ ಹತ್ತಿರ ಕಾಂತಕ್ಷೇತ್ರ ಏರುಪೇರಾಗಿ ಚಿತ್ರ ಎಳೆದಂತಾಗುವುದು ಸಹಜ. ಎದುರು ದಿಕ್ಕಿನ ಫೇಸ್ ಎನ್‌ಕೋಡಿಂಗ್‌ನಲ್ಲಿ (ಚಿತ್ರ ಎಳೆದಂತಾಗುವ ಅಕ್ಷ) ತೆಗೆದ ಬಿ-ಸೊನ್ನೆ (ಡಿಫ್ಯೂಷನ್ ತೀವ್ರತೆ ಸೊನ್ನೆಯಿರುವ) ಚಿತ್ರಗಳ ಜೋಡಿ ಕೊಟ್ಟರೆ ಟಾಪ್‌ಅಪ್ ಎಂಬ ಪ್ರೋಗ್ರಾಂ ಇದನ್ನು ನೇರಮಾಡುತ್ತದೆ. ಸರಿಪಡಿಸಿದ ನಂತರ ವಿರೂಪ ದುಪ್ಪಟ್ಟಾಗಿದ್ದರೆ ದಿಕ್ಕು ಉಲ್ಟಾ ಕೊಟ್ಟಿದ್ದೀರಿ. ಚಿತ್ರದ ಜೊತೆಗಿನ ಜೇಸನ್ ಫೈಲಿನಲ್ಲಿ ಆ ದಿಕ್ಕನ್ನು ಸೂಚಿಸುವ 'ಜೆ' ಮತ್ತು 'ಜೆ ಮೈನಸ್' ಅದಲುಬದಲಾಗಿವೆ. ಚಿತ್ರವನ್ನೇ ನೋಡಿ ಯಾವುದು ಯಾವ ಕಡೆ ಎಳೆದಿದೆ ಎಂದು ಖಾತ್ರಿ ಮಾಡಿಕೊಂಡು ತಿದ್ದಿ.

ಟಾಪ್‌ಅಪ್ ಶುರುವಾದ ಕೂಡಲೇ ಸತ್ತರೆ ಸ್ಲೈಸ್‌ಗಳ ಎಣಿಕೆ ಬೆಸವೇ ನೋಡಿ. ಅದರ ಮಾಮೂಲಿ ಸೆಟ್ಟಿಂಗ್ ಚಿತ್ರವನ್ನು ಎರಡರಿಂದ ಭಾಗಿಸುತ್ತಾ ಹೋಗುವುದರಿಂದ ಸಮಸಂಖ್ಯೆ ಬೇಕು. ಭಾಗಿಸದ ಸೆಟ್ಟಿಂಗ್ ಫೈಲ್ ಬಳಸಿ, ನಿಧಾನವಾದರೂ ಕೆಲಸ ಆಗುತ್ತದೆ.

ಎದುರು ದಿಕ್ಕಿನ ಚಿತ್ರವನ್ನೇ ತೆಗೆದಿಲ್ಲವಾದರೆ ಫೀಲ್ಡ್‌ಮ್ಯಾಪ್ (ಕಾಂತಕ್ಷೇತ್ರದ ಏರುಪೇರಿನ ನಕ್ಷೆ) ಇದೆಯೇ ಹುಡುಕಿ. ಅದೂ ಇಲ್ಲದಿದ್ದರೆ ಹಣೆಯ ಕೆಳಭಾಗ ಮತ್ತು ಟೆಂಪೊರಲ್ ಹಾಲೆಯ (ಕಿವಿಯ ಬಳಿಯ ಭಾಗ) ತುದಿಯ ಸಂಪರ್ಕಗಳ ಬಗ್ಗೆ ದೊಡ್ಡ ಮಾತು ಆಡಬೇಡಿ.

ಮ್ಯಾಟ್ರಿಕ್ಸ್‌ನಲ್ಲಿ 2035 ಸಾಲು, ಬಹುಪಾಲು ಖಾಲಿ

ಇದಕ್ಕೆ ಐದು ನಿಮಿಷ ಸಾಕು. ಮಿದುಳನ್ನು ಭಾಗಗಳಾಗಿ ವಿಂಗಡಿಸುವ ಫ್ರೀಸರ್ಫರ್ ಸಾಫ್ಟ್‌ವೇರ್‌ನ ಲೇಬಲ್‌ಗಳ ಸಂಖ್ಯೆ ಒಂದರಿಂದ ಸಾಲಾಗಿ ಬರುವುದಿಲ್ಲ. ಎಡ ಹೊರಪದರ 1001ರಿಂದ, ಬಲ 2001ರಿಂದ ಶುರು, ಬಲ ಇನ್ಸುಲಾಕ್ಕೆ 2035. ಅದೇ ಚಿತ್ರವನ್ನು ನೇರ ಕೊಟ್ಟರೆ ಅಷ್ಟು ಸಾಲುಗಳು ಹುಟ್ಟುತ್ತವೆ. 'ಲೇಬಲ್‌ಕನ್ವರ್ಟ್' ಓಡಿಸಿ ಸಂಖ್ಯೆಗಳನ್ನು ಒತ್ತೊತ್ತಾಗಿಸಿದರೆ ಡೆಸಿಕನ್-ಕಿಲಿಯಾನಿ ವಿಂಗಡಣೆಯಲ್ಲಿ 84 ಭಾಗ ಸಿಗಬೇಕು.

84 ಇದ್ದೂ ಒಂದೆರಡು ಸಾಲು ಖಾಲಿಯಿದ್ದರೆ ಲೇಬಲ್ ಚಿತ್ರವನ್ನು ಡಿಫ್ಯೂಷನ್ ಚಿತ್ರದ ಮೇಲೆ ಹೊದಿಸಿ ನೋಡಿ. ಸರಿಯಾಗಿ ಕೂತಿಲ್ಲದಿರಬಹುದು. ಲೇಬಲ್‌ಗಳನ್ನು ಸರಿಸುವಾಗ ನಿಯರೆಸ್ಟ್ ನೇಬರ್ (ಹತ್ತಿರದ ವಾಕ್ಸೆಲ್‌ನ ಸಂಖ್ಯೆಯನ್ನೇ ಎತ್ತಿಕೊಳ್ಳುವ ವಿಧಾನ) ಮಾತ್ರ ಬಳಸಬೇಕು. ಸರಾಸರಿ ತೆಗೆಯುವ ಲೀನಿಯರ್ ಬಳಸಿದರೆ 10 ಮತ್ತು 50ರ ನಡುವಿನ ಗಡಿಯಲ್ಲಿ 30 ಎಂಬ ಮೂರನೆಯ ಭಾಗವೊಂದು ಸುಮ್ಮನೆ ಹುಟ್ಟಿಕೊಳ್ಳುತ್ತದೆ.

ಎಡ-ಬಲ ಅದಲಾಗಿದೆಯೇ ಎಂಬುದು ಮಿದುಳನ್ನು ನೋಡಿ ಖಚಿತವಾಗಿ ಹೇಳಲಾಗದ ವಿಷಯ. ಎರಡೂ ಅರ್ಧಗೋಳಗಳು ಅಷ್ಟು ಒಂದೇ ಥರ. ಸ್ಕ್ಯಾನ್ ವೇಳೆ ಒಂದು ಕಡೆಯ ಕಪಾಲಕ್ಕೆ ವಿಟಮಿನ್ ಇ ಮಾತ್ರೆ ಅಂಟಿಸಿದ್ದರೆ ಅದು ಬೆಳ್ಳಗೆ ಹೊಳೆದು ಉತ್ತರ ಹೇಳುತ್ತದೆ. ಇಲ್ಲದಿದ್ದರೆ ಡೈಕಾಮ್‌ನಿಂದ ಹೊಸದಾಗಿ ಪರಿವರ್ತಿಸಿ ಹೋಲಿಸಬೇಕು.

ಎಲ್ಲಕ್ಕೂ ಎಲ್ಲದರ ಜೊತೆ ಸಂಪರ್ಕ

ಮ್ಯಾಟ್ರಿಕ್ಸ್‌ನಲ್ಲಿ ಸೊನ್ನೆಯೇ ಇಲ್ಲ ಎಂದರೆ ಅದು ಮಿದುಳಿನ ಸಮೃದ್ಧಿಯಲ್ಲ, ವಿಧಾನದ ಮಿತಿ. ಬಿಳಿ ದ್ರವ್ಯದ ವಾಕ್ಸೆಲ್‌ಗಳಲ್ಲಿ ಬಹುಪಾಲು ಕಡೆ ತಂತುಗಳು ಒಂದನ್ನೊಂದು ದಾಟುತ್ತವೆ, ಅಲ್ಲಿ ಗೆರೆ ಯಾವ ಕಡೆ ತಿರುಗಬೇಕೆಂಬುದು ಊಹೆ. 2017ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ 20 ತಂಡಗಳು ಉತ್ತರ ಮೊದಲೇ ಗೊತ್ತಿದ್ದ 25 ತಂತುಕಟ್ಟುಗಳ ಕೃತಕ ಡೇಟಾದ ಮೇಲೆ 96 ಫಲಿತಾಂಶ ಕೊಟ್ಟವು. ನಿಜವಾದ ಕಟ್ಟುಗಳು ಬಹುಮಟ್ಟಿಗೆ ಸಿಕ್ಕವು. ಆದರೆ ಇಲ್ಲದ ಕಟ್ಟುಗಳು ಇರುವವಕ್ಕಿಂತ ಹೆಚ್ಚು ಬಂದವು.

ಮಾಡಬಹುದಾದದ್ದು: ವಾಕ್ಸೆಲ್‌ಗೆ ಒಂದೇ ಮುಖ್ಯ ದಿಕ್ಕು ಕೊಡುವ ಟೆನ್ಸರ್ ಮಾದರಿ ಬಿಟ್ಟು ದಾಟುವ ತಂತುಗಳನ್ನು ಬೇರ್ಪಡಿಸಬಲ್ಲ ಮಾದರಿಗೆ ಹೋಗಿ. ತಂತು ಬೂದು ದ್ರವ್ಯದಲ್ಲೇ ಮುಗಿಯಬೇಕೆಂಬ ಅಂಗರಚನೆಯ ಕಟ್ಟುಪಾಡು ಹಾಕಿ. ಸಿಫ್ಟ್2 ಎಂಬ ವಿಧಾನದಿಂದ ಪ್ರತಿ ಗೆರೆಗೂ ತೂಕ ಕೊಡಿಸಿ. ಇಷ್ಟಾದ ಮೇಲೂ ಗೆರೆಗಳ ಎಣಿಕೆಯನ್ನು ನರತಂತುಗಳ ಎಣಿಕೆ ಎಂದು ಬರೆಯಬಾರದು. ಎಷ್ಟು ಗೆರೆ ಎಳೆಯಬೇಕೆಂದು ಕಮ್ಯಾಂಡ್‌ನಲ್ಲಿ ಕೊಟ್ಟವರು ನೀವೇ ತಾನೆ.

ಹತ್ತಿರದ ಭಾಗಗಳ ಸಂಬಂಧ ಬಲ, ದೂರದವು ದುರ್ಬಲ

ಈಗ ವಿಶ್ರಾಂತಿ ಸ್ಥಿತಿಯ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ಅಳೆಯುವ ಸ್ಕ್ಯಾನ್) ಕಡೆಗೆ. ಇಲ್ಲಿ ಸಂಬಂಧವೆಂದರೆ ತಂತುವಲ್ಲ, ಎರಡು ಭಾಗಗಳ ಸಿಗ್ನಲ್ ಒಟ್ಟಿಗೆ ಏರಿಳಿಯುವುದು. ಮಕ್ಕಳು, ವೃದ್ಧರು, ರೋಗಿಗಳ ಗುಂಪಿನಲ್ಲಿ ಈ ವಿನ್ಯಾಸ ಕಂಡರೆ ಹೊಸ ಸಂಶೋಧನೆ ಎಂದು ಹಿಗ್ಗುವ ಮೊದಲು ತಲೆಯ ಅಲುಗಾಟ ನೋಡಿ. 2012ರಲ್ಲಿ ಬೇರೆಬೇರೆ ಗುಂಪುಗಳು ಪ್ರತ್ಯೇಕವಾಗಿ ತೋರಿಸಿದ್ದು ಇದನ್ನೇ: ಮಿಲಿಮೀಟರಿನ ಒಂದು ಪಾಲಿನಷ್ಟು ಅಲುಗಿದರೂ ಸಮೀಪದ ಸಂಬಂಧ ಉಬ್ಬುತ್ತದೆ, ದೂರದ್ದು ಕುಗ್ಗುತ್ತದೆ.

ಅಳತೆಗೆ ಫ್ರೇಮ್‌ವೈಸ್ ಡಿಸ್‌ಪ್ಲೇಸ್‌ಮೆಂಟ್ (ಒಂದು ವಾಲ್ಯೂಮ್‌ನಿಂದ ಮುಂದಿನದಕ್ಕೆ ತಲೆ ಸರಿದ ದೂರ) ಇದೆ, ಎಫ್‌ಎಂಆರ್‌ಐಪ್ರೆಪ್ ಪ್ರೋಗ್ರಾಂ ಪ್ರತಿ ವಾಲ್ಯೂಮ್‌ಗೂ ಬರೆದುಕೊಡುತ್ತದೆ. ಸಾಮಾನ್ಯ ಗಡಿ 0.5 ಮಿ.ಮೀ., ಕಟ್ಟುನಿಟ್ಟಿನವರದು 0.2. ವಾಲ್ಯೂಮ್‌ಗೆ ಒಂದು ಸೆಕೆಂಡಿಗಿಂತ ಕಡಿಮೆ ತೆಗೆದುಕೊಳ್ಳುವ ವೇಗದ ಸ್ಕ್ಯಾನ್‌ಗಳಲ್ಲಿ ಉಸಿರಾಟವೇ ಅಲುಗಾಟದಂತೆ ದಾಖಲಾಗುವುದರಿಂದ ಇದೇ ಗಡಿಯನ್ನು ಕಣ್ಣುಮುಚ್ಚಿ ಹಾಕಬೇಡಿ.

ಇದರಲ್ಲಿ ಅತಿಯಾಗಿ ಶುಚಿ ಮಾಡುವುದೂ ಒಂದು ರೋಗ. ಲೆಕ್ಕ ಹಾಕಿ: 2 ಸೆಕೆಂಡಿಗೊಂದರಂತೆ 200 ವಾಲ್ಯೂಮ್. ಹಿಡಿಯಬಹುದಾದ ಆವರ್ತನ 0.25 ಹರ್ಟ್ಸ್‌ವರೆಗೆ. 0.01ರಿಂದ 0.1 ಮಾತ್ರ ಉಳಿಸಿದರೆ 200ರಲ್ಲಿ ಸುಮಾರು 72 ಸ್ವತಂತ್ರ ಮಾಹಿತಿ ಉಳಿಯಿತು. ಅಲುಗಾಟದಂಥ ಕಸವನ್ನು ಕಳೆಯಲು 36 ಅಂಶಗಳ ರಿಗ್ರೆಷನ್ ಮಾಡಿದರೆ 36 ಉಳಿಯಿತು. ಮೇಲಿಂದ ಅಲುಗಿದ 30 ವಾಲ್ಯೂಮ್ ತೆಗೆದರೆ ಕೈಯಲ್ಲಿ ಉಳಿಯುವುದು ಬರೀ ಆರು, ಆದರೂ ಪ್ರೋಗ್ರಾಂ ಮ್ಯಾಟ್ರಿಕ್ಸ್ ಕೊಡುತ್ತದೆ. ಫಿಲ್ಟರ್ ಮತ್ತು ರಿಗ್ರೆಷನ್ ಒಂದೇ ಹಂತದಲ್ಲಿ ಆಗಲಿ. ಒಂದಾದ ಮೇಲೆ ಒಂದು ಮಾಡಿದರೆ ತೆಗೆದ ಕಸ ಹಿತ್ತಲ ಬಾಗಿಲಿಂದ ವಾಪಸು ಬರುತ್ತದೆ.

ಎಲ್ಲ ಸಂಬಂಧಗಳೂ ಧನಾತ್ಮಕವಾಗಿ ಎತ್ತರಕ್ಕೆ ಏರಿದ್ದರೆ ಉಸಿರಾಟ ಅಥವಾ ಅಲುಗಾಟ ಇಡೀ ಮಿದುಳಿಗೆ ಹರಡಿದೆ. ಗ್ಲೋಬಲ್ ಸಿಗ್ನಲ್ (ಇಡೀ ಮಿದುಳಿನ ಸರಾಸರಿ ಸಿಗ್ನಲ್) ತೆಗೆದರೆ ಇಳಿಯುತ್ತದೆ, ಆದರೆ ಗಣಿತದ ಬಲವಂತದಿಂದಲೇ ಕೆಲವು ಸಂಬಂಧಗಳು ಋಣಾತ್ಮಕವಾಗುತ್ತವೆ. ಹಾಗೆ ಬಂದ ಋಣ ಚಿಹ್ನೆಗೆ ಜೀವಶಾಸ್ತ್ರದ ಅರ್ಥ ಕಟ್ಟಬೇಡಿ. ತೆಗೆದು ಒಮ್ಮೆ, ತೆಗೆಯದೆ ಒಮ್ಮೆ ಮಾಡಿ ಎರಡನ್ನೂ ವರದಿ ಮಾಡಿ.

ಕಂಪ್ಯೂಟರ್ ಮಾದರಿ: ಎಲ್ಲ ಒಟ್ಟಿಗೆ ಕುಣಿಯುತ್ತವೆ, ಇಲ್ಲವೇ ಎಲ್ಲ ಮಲಗಿವೆ

ಸಂಪರ್ಕ ನಕ್ಷೆಯ ಮೇಲೆ ಮಿದುಳಿನ ಚಟುವಟಿಕೆಯನ್ನು ಅನುಕರಿಸುವ ದಿ ವರ್ಚುವಲ್ ಬ್ರೇನ್‌ನಂಥ ಸಿಮ್ಯುಲೇಟರಿಗೆ ಗೆರೆಗಳ ಕಚ್ಚಾ ಎಣಿಕೆ ತುರುಕಿದರೆ ಮೊದಲನೆಯದಾಗುತ್ತದೆ. ತೂಕಗಳನ್ನು ಗರಿಷ್ಠದಿಂದ ಭಾಗಿಸಿ, ಕರ್ಣದಲ್ಲಿ ಸೊನ್ನೆ ಹಾಕಿ, ಆಮೇಲೆ ಒಟ್ಟಾರೆ ಕಪ್ಲಿಂಗನ್ನು (ಭಾಗಗಳ ನಡುವಿನ ಬೆಸುಗೆಯ ಬಲ) ಸೊನ್ನೆಯಿಂದ ಮೆಲ್ಲಗೆ ಏರಿಸಿ. ನಡುವೆಲ್ಲೋ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಮಿದುಳಿನಂಥ ನಡೆ ಸಿಗುತ್ತದೆ.

ತಂತುವಿನಲ್ಲಿ ಸಿಗ್ನಲ್ ಸಾಗುವ ವೇಗ ಬದಲಿಸಿದರೂ ಫಲಿತಾಂಶ ಬದಲಾಗುತ್ತಿಲ್ಲವೇ? ತಂತುವಿನ ಉದ್ದಗಳ ಮಾನ ನೋಡಿ. 100 ಮಿ.ಮೀ. ಉದ್ದಕ್ಕೆ ಸೆಕೆಂಡಿಗೆ 5 ಮೀಟರ್ ವೇಗವಾದರೆ ವಿಳಂಬ 20 ಮಿಲಿಸೆಕೆಂಡ್ ಬರಬೇಕು. ಉದ್ದವನ್ನು ಮೀಟರ್‌ನಲ್ಲಿ ಕೊಟ್ಟಿದ್ದರೆ ಸಾವಿರ ಪಟ್ಟು ಕಡಿಮೆಯಾಗಿ ವಿಳಂಬವೇ ಇಲ್ಲದಂತಾಗುತ್ತದೆ. ಕಾಲಹೆಜ್ಜೆಯನ್ನು ಅರ್ಧ ಮಾಡಿದಾಗ ಉತ್ತರ ಬದಲಾದರೆ ಹೆಜ್ಜೆ ದೊಡ್ಡದಿತ್ತು, ಅಥವಾ ನಾಯ್ಸನ್ನು ಹೆಜ್ಜೆಯ ವರ್ಗಮೂಲದ ಬದಲು ಹೆಜ್ಜೆಯಿಂದಲೇ ಗುಣಿಸಿದ್ದೀರಿ.

ಮಾದರಿ ನಿಜದ ಎಫ್‌ಎಂಆರ್‌ಐಗೆ ಒಂದಿಷ್ಟೂ ಹೋಲುವುದಿಲ್ಲ ಎಂದರೆ ಭಾಗಗಳ ಕ್ರಮ ಶಂಕಿಸಿ. ಎಡದ ಭಾಗಗಳೆಲ್ಲ ಮೊದಲು, ಅದೇ ಕ್ರಮದಲ್ಲಿ ಬಲದವು ನಂತರ ಇಟ್ಟಿದ್ದರೆ ನಿಜದ ಮ್ಯಾಟ್ರಿಕ್ಸ್‌ನ ಎಡ-ಬಲ ತುಂಡಿನಲ್ಲಿ ಮುಖ್ಯ ಕರ್ಣಕ್ಕೆ ಸಮಾನಾಂತರವಾಗಿ ಒಂದು ಹೊಳೆಯುವ ಗೆರೆ ಕಾಣಬೇಕು. ಎರಡೂ ಕಡೆಯ ಜೋಡಿ ಭಾಗಗಳು ಒಟ್ಟಿಗೆ ಏರಿಳಿಯುವುದರ ಗುರುತು ಅದು. ಗೆರೆ ಇಲ್ಲವೆಂದರೆ ಹೆಸರಿನ ಪಟ್ಟಿ ಒಂದು, ಸಂಖ್ಯೆಯ ಕ್ರಮ ಇನ್ನೊಂದು.

ಫಲಿತಾಂಶ ಅನುಮಾನ ಬರುವಷ್ಟು ಚೆನ್ನಾಗಿದೆ, ಅಥವಾ ಬೇರೆ ಯಂತ್ರದಲ್ಲಿ ಬೇರೆಯೇ ಬರುತ್ತದೆ

ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್‌ನ ಯುವ ವಯಸ್ಕರ ಡೇಟಾದಲ್ಲಿ ಅವಳಿಗಳು, ಒಡಹುಟ್ಟಿದವರು ಇದ್ದಾರೆ. ಒಬ್ಬಳು ತರಬೇತಿ ಗುಂಪಿನಲ್ಲಿ, ಅವಳ ಅವಳಿ ಪರೀಕ್ಷಾ ಗುಂಪಿನಲ್ಲಿ ಬಿದ್ದರೆ ಭವಿಷ್ಯ ಹೇಳುವ ಮಾದರಿ ನಕಲು ಹೊಡೆದಂತೆ. ಕುಟುಂಬವನ್ನು ಒಡೆಯದೆ ವಿಂಗಡಿಸಿ. ಹಲವು ಕೇಂದ್ರಗಳ ಡೇಟಾ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ: ಮ್ಯಾಟ್ರಿಕ್ಸ್ ನೋಡಿ ಸ್ಕ್ಯಾನರ್ ಯಾವುದೆಂದು ಮಾದರಿ ಹೇಳಬಲ್ಲದೇ? ಹೇಳಿದರೆ ರೋಗಿ-ಆರೋಗ್ಯವಂತರ ವ್ಯತ್ಯಾಸವೂ ಸ್ಕ್ಯಾನರಿನದೇ ಇರಬಹುದು.

ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಬಂದರೆ ಮೊದಲು ಆವೃತ್ತಿಗಳನ್ನು ಹೋಲಿಸಿ, ಆಮೇಲೆ ರ‍್ಯಾಂಡಮ್ ಸೀಡ್, ಆಮೇಲೆ ಥ್ರೆಡ್‌ಗಳ ಸಂಖ್ಯೆ. ಟ್ರ್ಯಾಕ್ಟೋಗ್ರಫಿ ಸ್ವಭಾವದಿಂದಲೇ ಪಗಡೆ ಉರುಳಿಸುವ ಕೆಲಸ, ಒಂದೇ ಯಂತ್ರದಲ್ಲಿ ಎರಡು ಸಲ ಓಡಿಸಿ ಸಹಜ ಏರಿಳಿತ ಎಷ್ಟೆಂದು ಮೊದಲು ತಿಳಿಯಿರಿ. ಉಳಿದದ್ದಕ್ಕೆ ಡಾಕರ್ ಅಥವಾ ಆಪ್‌ಟೇನರ್ ಕಂಟೇನರ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಒಂದೇ ಕಟ್ಟಿನಲ್ಲಿ) ಮದ್ದು. 'ಲೇಟೆಸ್ಟ್' ಎಂಬ ಟ್ಯಾಗ್ ಬಿಟ್ಟು ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ. ಆಯ್ಕೆಗಳು ಎಷ್ಟು ಕವಲೊಡೆಯುತ್ತವೆ ಎನ್ನುವುದಕ್ಕೆ 2020ರ ನಾರ್ಪ್ಸ್ ಅಧ್ಯಯನ ಇದೆ: ಒಂದೇ ಎಫ್‌ಎಂಆರ್‌ಐ ಡೇಟಾವನ್ನು 70 ತಂಡಗಳಿಗೆ ಕೊಟ್ಟರೆ ಯಾವ ಎರಡು ತಂಡಗಳೂ ಒಂದೇ ಹಾದಿ ಹಿಡಿಯಲಿಲ್ಲ.

ಇಲ್ಲಿ ಕೈ ಬಿಡಿ, ಬೇರೆಯವರನ್ನು ಕರೆಯಿರಿ

ಎಲ್ಲ ವ್ಯಕ್ತಿಗಳ ಚಿತ್ರದಲ್ಲೂ ಒಂದೇ ದಿನಾಂಕದಿಂದ ಓರೆ ಪಟ್ಟೆಗಳು ಶುರುವಾಗಿದ್ದರೆ ಸಾಫ್ಟ್‌ವೇರ್‌ನಲ್ಲಿ ಹುಡುಕಬೇಡಿ. ಸಡಿಲವಾದ ಲೋಹದ ಭಾಗ, ಸಾಯುತ್ತಿರುವ ಬಲ್ಬ್, ಒಣಹವೆಯ ಸ್ಥಿರವಿದ್ಯುತ್ ಇವೆಲ್ಲ ಹೀಗೆ ಮಾಡುತ್ತವೆ. ಎಂಆರ್ ಭೌತವಿಜ್ಞಾನಿಗೆ ಹೇಳಿ ಫ್ಯಾಂಟಮ್ (ತಲೆಯ ಬದಲು ಇಡುವ ಪರೀಕ್ಷಾ ವಸ್ತು) ಸ್ಕ್ಯಾನ್ ಮಾಡಿಸಿ. ಯಂತ್ರದ ಮುಚ್ಚಳ ತೆಗೆಯುವುದು ಸರ್ವಿಸ್ ಎಂಜಿನಿಯರ್ ಕೆಲಸ. ಯಾರನ್ನೂ ಸ್ಕ್ಯಾನ್ ಮಾಡದಿರುವಾಗಲೂ ಅಯಸ್ಕಾಂತ ಚಾಲೂ ಇರುತ್ತದೆ. ತರಬೇತಿಯಿಲ್ಲದೆ, ಜೇಬಿನಲ್ಲಿ ಕೀಲಿಕೈ ಇಟ್ಟುಕೊಂಡು ಫ್ಯಾಂಟಮ್ ಇಡಲು ಒಳಗೆ ಹೋಗುವುದು ಪ್ರಾಣಾಪಾಯ.

ಡಿಫ್ಯೂಷನ್ ಸ್ಕ್ಯಾನ್‌ನ ವೇಳೆ ಒಳಗಿರುವವರು ಜುಮ್ಮೆನ್ನುವ ಅಥವಾ ಸ್ನಾಯು ಅದುರುವ ಅನುಭವ ಹೇಳಿದರೆ ಅದು ಗ್ರೇಡಿಯೆಂಟ್‌ಗಳು ನರಗಳನ್ನು ಕೆರಳಿಸಿದ್ದು. ಸ್ಕ್ಯಾನ್ ನಿಲ್ಲಿಸಿ ಆಪರೇಟರಿಗೆ ತಿಳಿಸಿ. ಚರ್ಮ ಬಿಸಿಯಾದಂತೆ ಅಂದರೂ ಅಷ್ಟೇ, ಡೇಟಾ ಮುಗಿಯಲಿ ಎಂದು ಕಾಯುವ ಪ್ರಶ್ನೆಯಿಲ್ಲ.

ಚಿತ್ರದಲ್ಲಿ ಗೆಡ್ಡೆಯಂಥದ್ದು, ಅಸಾಮಾನ್ಯ ಬಿಳಿ ಮಚ್ಚೆ ಕಂಡರೆ ವಿಶ್ಲೇಷಕರು ಅದಕ್ಕೆ ಹೆಸರು ಕೊಡಬಾರದು, ಭಾಗವಹಿಸಿದವರಿಗೆ ತಾವಾಗಿ ಫೋನ್ ಮಾಡಲೂಬಾರದು. ಅಧ್ಯಯನದ ಅನುಮೋದಿತ ಕ್ರಮದಂತೆ ಮುಖ್ಯ ಸಂಶೋಧಕರ ಮೂಲಕ ರೇಡಿಯಾಲಜಿಸ್ಟ್‌ಗೆ ಹೋಗಬೇಕು.

ಸಹಾಯ ಕೇಳಲು ಡೇಟಾ ಹೊರಗೆ ಕಳಿಸುವ ಮೊದಲು ಟಿ1 ಚಿತ್ರದಿಂದ (ತಲೆಯ ರಚನೆ ತೋರಿಸುವ ಎಂಆರ್‌ಐ) ಮುಖ ತೆಗೆಯಿರಿ, ಏಕೆಂದರೆ ಅದರಿಂದ ಮುಖವನ್ನು ಮತ್ತೆ ಮೂಡಿಸಬಹುದು. ಡೈಕಾಮ್ ಹೆಡರ್ ಮತ್ತು ಫೈಲ್ ಹೆಸರುಗಳಲ್ಲಿ ವ್ಯಕ್ತಿಯ ಹೆಸರು, ಹುಟ್ಟಿದ ದಿನ ಉಳಿದಿಲ್ಲವೆಂದು ನೋಡಿ. ಜೊತೆಗೆ ಓಡಿಸಿದ ಪೂರ್ತಿ ಕಮ್ಯಾಂಡ್, ಆವೃತ್ತಿ ಸಂಖ್ಯೆ, ಬಿವಾಲ್-ಬಿವೆಕ್ ಫೈಲುಗಳು, ಮತ್ತು ಕಾರ್ಪಸ್ ಕಲೋಸಮ್ ತಿರುವಿನ ಒಂದು ಸ್ಕ್ರೀನ್‌ಶಾಟ್ ಕಳಿಸಿ.